ಲೇನ್ ಬದಲಿಸುವ ಕೈ

ರಸ್ತೆಯಲ್ಲಿ ಯಾರೂ ಯಾರಿಗೂ ಜಾಗ ಬಿಡುವುದಿಲ್ಲ ಎಂಬುದು ನನ್ನ ವಾದ. ಇದರ ವಿರುದ್ಧ ಮಾತಾಡು ಎಂದರೂ ಸಿದ್ಧ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎರಡೂ ಕಡೆ ನಿಂತು ಗೆದ್ದು, ಕೊನೆಗೆ ಯಾವುದನ್ನೂ ನಂಬದ ಸ್ಥಿತಿಗೆ ಬಂದವನು ನಾನು. ಇಂಥವನಿಗೆ ಸಿಕ್ಕಿದ ಕೆಲಸವೋ, ತಾನೇ ಓಡುವ ಕಾರಿಗೆ ಲೇನ್ ಬದಲಿಸುವ ಬುದ್ಧಿ ಹೇಳುವುದು. ಹಿಂದಿನ ಗಾಡಿ ಎಷ್ಟು ದೂರ, ಎಷ್ಟು ವೇಗ, ನಡುವೆ ಸೇರಿಕೊಂಡರೆ ಯಾರಾದರೂ ಬ್ರೇಕ್ ಒತ್ತಬೇಕಾದೀತೇ, ಎಲ್ಲ ಲೆಕ್ಕ ಹಾಕು. ಸಂಶಯವಿದ್ದರೆ ಸುಮ್ಮನಿರು ಎಂದು ಕಲಿಸಿದ್ದೆ. ಕಾರು ನನ್ನನ್ನೂ ಮೀರಿಸಿದ ಸಂಶಯವಾದಿಯಾಯಿತು.

ಪರೀಕ್ಷೆ ನಡೆದದ್ದು ದೇವನಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ. ಬಲಗಡೆಯ ಲೇನಿನಿಂದ ಎಡಕ್ಕೆ ಸರಿದು ವಿಮಾನ ನಿಲ್ದಾಣದ ತಿರುವು ಹಿಡಿದರೆ ನನ್ನ ಕೆಲಸ ಕಾಯಂ. ಇಲ್ಲವಾದರೆ ಬೇರೆ ಹುಡುಕಿಕೊಳ್ಳಬೇಕು. ಸ್ಟೀರಿಂಗ್ ಮುಂದೆ, ಆಪತ್ತಿಗಿರಲಿ ಎಂದು ಡ್ರೈವರ್ ಮಂಜಣ್ಣ, ಕೈ ತೊಡೆಯ ಮೇಲೆ. ಪಕ್ಕದಲ್ಲಿ ನಾನು. ಹಿಂದೆ ಮೇಲಧಿಕಾರಿ ಶೈಲಜಾ ಮೇಡಂ.

ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಾರು ಇಂಡಿಕೇಟರ್ ಹಾಕಿತು. ನಮ್ಮ ಕಡೆ ಇಂಡಿಕೇಟರ್ ಎಂದರೆ, ಬೇಗ ಬಂದು ಜಾಗ ಮುಚ್ಚು ಎಂದು ಹಿಂದಿನವನಿಗೆ ಕೊಟ್ಟ ಸುದ್ದಿ. ಎಡಗಡೆ ಟ್ಯಾಕ್ಸಿಗಳು ಸಾಲುಸಾಲಾಗಿ ಮುಚ್ಚುತ್ತ ಹೋದವು. ಕಾರು ಕಾಯಿತು. ಟಿಕ್ ಟಿಕ್ ಸದ್ದಿಗೆ ನನಗೆ ಜೋಂಪು ಹತ್ತಿತು. ಬಿಳಿ ಗೆರೆಗಳು ಮಗ್ಗದ ನೂಲಿನಂತೆ ಹರಿದು ಬಂದು, ದೊಡ್ಡಬಳ್ಳಾಪುರದಲ್ಲಿ ಅಪ್ಪನ ಗೂಡ್ಸ್ ಆಟೊದೊಳಗೆ ನನ್ನನ್ನು ಕೂರಿಸಿದವು. ಹಿಂದೆ ಸೀರೆ ಗಂಟು, ಎಡಗಡೆ ಒತ್ತಿಕೊಂಡು ನಾನು. "ಕೈ ಹಾಕೋ" ಎಂದರೆ ಸಾಕು, ಕೈ ಹೊರಗೆ ಚಾಚಿ ಅಂಗೈಯನ್ನು ಮೆಲ್ಲಗೆ ಆಡಿಸುತ್ತಿದ್ದೆ. ಲಾರಿಗಳೂ ಹಿಂದೆ ಸರಿಯುತ್ತಿದ್ದವು. ಇದು ಬರೀ ಕಾಕತಾಳೀಯ ಎಂದು ಅಪ್ಪನಿಗೆ ಸಾಧಿಸಿ ತೋರಿಸಿದ್ದೆ. ಅವರು ಪೂರ್ತಿ ಒಪ್ಪಿಕೊಂಡು, ಆದರೂ ಕೈ ಹಾಕು ಎಂದಿದ್ದರು.

ಕಣ್ಣು ಬಿಟ್ಟಾಗ ಕಾರು ಎಡಗಡೆಯ ಲೇನಿನಲ್ಲಿತ್ತು. ನನ್ನ ಕೈ ತೆರೆದ ಕಿಟಕಿಯ ಹೊರಗಿತ್ತು.

ಮೇಡಂ ಹಿಗ್ಗಿ, ಅಷ್ಟು ಚೆನ್ನಾಗಿ ಜಾಗ ಹುಡುಕಿದ್ದು ಹೇಗೆ ಎಂದು ಕೇಳಿದರು.

"ಕಾರು ತಾನೇ ಹೋಯ್ತು ಮೇಡಂ," ಎಂದ ಮಂಜಣ್ಣ. "ಕೈ ಮಾತ್ರ ಪಕ್ಕದಲ್ಲಿರೋ ನಮ್ ಗುರುದು."

ನಾನು ವಾದ ಹೂಡಿದೆ. ಸ್ಟೀರಿಂಗ್ ಮುಟ್ಟಬಾರದೆಂದಷ್ಟೇ ನಿಯಮ. ಗಾಳಿಯನ್ನು ಮುಟ್ಟಬಾರದೆಂದು ಎಲ್ಲೂ ಇಲ್ಲ. ಇಂಡಿಕೇಟರ್ ಒಂದು ಸೂಚನೆಯಾದರೆ ಕೈಯೂ ಒಂದು ಸೂಚನೆಯೇ. ಮೇಡಂ ಕೊನೆಯವರೆಗೂ ಕೇಳಿದರು.

"ಚೆನ್ನಾಗ್ ಮಾತಾಡ್ತೀರಪ್ಪ. ಕಿಟಕಿ ಮುಚ್ಕೊಂಡು ಇನ್ನೊಂದ್ ಸಲ ಹೋಗೋಣ."

ಗಾಜು ಏರಿತು. ಅದೇ ರಸ್ತೆ, ಅದೇ ಟಿಕ್ ಟಿಕ್, ಅದೇ ಟ್ಯಾಕ್ಸಿ ಸಾಲು. ಕಾರು ಜಾಗಕ್ಕಾಗಿ ತಪಸ್ಸಿಗೆ ಕೂತಿತು. ತಿರುವು ಹತ್ತಿರವಾಗುತ್ತಿದ್ದಂತೆ ನನ್ನ ಕೈ ಗಾಜಿನ ಒಳಗೇ ಆಡತೊಡಗಿತು. ಪಕ್ಕದ ಟ್ಯಾಕ್ಸಿಯಲ್ಲಿ ಕನಕಾಂಬರ ಮುಡಿದಿದ್ದ ಅಜ್ಜಿಯೊಬ್ಬರು ಅದನ್ನು ಕಂಡು ಮೊದಲು ಬೆರಗಾದರು, ಆಮೇಲೆ ನಕ್ಕು ತಾವೂ ಕೈ ಬೀಸಿದರು. ಅವರ ಟ್ಯಾಕ್ಸಿ ಎಡಕ್ಕೆ ಹೊರಳಿ ವಿಮಾನಗಳ ಕಡೆಗೆ ತೇಲಿಹೋಯಿತು. ನಾವು ಒಬ್ಬರಿಗೂ ಬ್ರೇಕ್ ಒತ್ತುವ ತೊಂದರೆ ಕೊಡದೆ, ಪರಮ ಸುರಕ್ಷಿತವಾಗಿ, ನೆಟ್ಟಗೆ ಚಿಕ್ಕಬಳ್ಳಾಪುರದ ದಿಕ್ಕಿಗೆ ಹೊರಟೆವು. ಕೆಲಸ ಹೋಯಿತೆಂದು ತಿಳಿಯಿತು. ಆದರೂ ಕೈ ಇಳಿಸಲಿಲ್ಲ. ಅಜ್ಜಿ ಇನ್ನೂ ಬೀಸುತ್ತಿದ್ದರು.