ಒಣಗಿಸದ ಮೆಷಿನ್ನೂ ಹೊನ್ನೂರಿನ ಬೀಗರೂ

ಮೆಷಿನ್ನು ಕೆಟ್ಟಿದೆ ಎಂದು ಜನ ನನ್ನನ್ನು ಓಡೋಡಿ ಬಂದು ಕರೆದಾಗ, ಅರ್ಧಕ್ಕರ್ಧ ಸಲ ಮೆಷಿನ್ನು ಕೆಟ್ಟಿರುತ್ತಲೇ ಇರಲಿಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಕೊಳ್ಳೇಗಾಲದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದೆ. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಏನನ್ನು ಬಿಚ್ಚಿದರೂ ಒಂದಲ್ಲ ಒಂದು ತಮಾಷೆ ಕಾದಿರುತ್ತಿತ್ತು. ಆದರೆ ನಮ್ಮ ಬೀದಿಯ ಲಾಂಡ್ರಿಯವರು ಮೈಸೂರಿನ ಹರಾಜಿನಲ್ಲಿ ಹಿಡಿದು ತಂದ ಬಟ್ಟೆ ಒಣಗಿಸುವ ಮೆಷಿನ್ನಿನಷ್ಟು ನನ್ನನ್ನು ಓಡಾಡಿಸಿದ್ದು, ನಗಿಸಿದ್ದು ಬೇರೊಂದಿಲ್ಲ.

ಅದರ ಕೆಲಸ ಬಹಳ ಸರಳ. ಒಳಗೆ ತಗಡಿನ ಪೀಪಾಯಿ ಗಿರಗಿರ ಸುತ್ತುತ್ತದೆ, ಫ್ಯಾನು ಬಿಸಿಗಾಳಿ ಊದುತ್ತದೆ, ಬಟ್ಟೆಯ ತೇವ ಹೊತ್ತ ಗಾಳಿ ಹಿಂದಿನ ಕೊಳವೆಯಿಂದ ಹಿತ್ತಿಲಿಗೆ ಹೋಗುತ್ತದೆ. ಲಾಂಡ್ರಿಯವರಿಗೆ ಅದರ ಮೇಲೆ ಎಷ್ಟು ಹೆಮ್ಮೆಯೆಂದರೆ, ಕಾರ್ತಿಕದಲ್ಲಿ ಮಗಳ ಮದುವೆ ಗೊತ್ತಾದಾಗ ಹೊನ್ನೂರಿನ ಬೀಗರಿಗೆ ಎಲ್ಲರೆದುರು ಹೇಳಿಬಿಟ್ಟರು: "ಮಳೆ ಬರ್ಲಿ ಬುಡ್ಲಿ, ದಿಬ್ಬಣದೋರ ಬಟ್ಟೆ ಒಣಗ್ಸಿ ಕೊಡೋ ಜವಾಬ್ದಾರಿ ನಂದು!" ಬೀಗರ ಮುಂದೆ ಆಡಿದ ಮಾತು. ಮೆಷಿನ್ನು ಕೈಕೊಟ್ಟರೆ ಆ ಹುಡುಗಿ ಜೀವಮಾನವಿಡೀ ಅತ್ತೆಮನೆಯಲ್ಲಿ ಅದನ್ನೇ ಕೇಳಬೇಕು.

ಹಿಂಡುವವರು ಯಾರು?

"ಮೇಸ್ತ್ರಿ, ಬೇಗ ಬನ್ನಿ! ಬಟ್ಟೆ ಬೇಯ್ತಾ ಅವೆ, ಒಣಗ್ತಾ ಇಲ್ಲ!" ಎಂದು ಲಾಂಡ್ರಿಯವರು ಚಪ್ಪಲಿ ಕೂಡ ಇಲ್ಲದೆ ಓಡಿ ಬಂದರು. ಹೋಗಿ ಕಾಯಿಲ್ ನೋಡಿದೆ, ಬೆಲ್ಟ್ ನೋಡಿದೆ, ಎಲ್ಲ ಸರಿ. ಬಾಗಿಲು ತೆಗೆದರೆ ಬಚ್ಚಲುಮನೆಯ ಹಾಗೆ ಹಬೆ. ಒಂದು ಪಂಚೆ ಎತ್ತಿದೆ ನೋಡಿ, ನನ್ನ ಕಾಲ ಮೇಲೆ ದಳದಳ ಬಿಸಿನೀರು!

"ಹಾಕೋ ಮುಂಚೆ ಹಿಂಡಿದ್ರಾ?" ಅಂದೆ.

ಲಾಂಡ್ರಿಯವರಿಗೆ ಅವಮಾನವೇ ಆಯಿತು. "ಏನ್ ಮೇಸ್ತ್ರಿ ಇಂಗಂತೀರಿ? ಇಂಡೋದೂ ನಾವೇ ಆದ್ರೆ ಇದು ಬಂದು ಕುಂತಿರೋದು ನೆಂಟಸ್ತನಕ್ಕಾ?"

ಕಾದ ಹೆಂಚು

ಹಿಂಡತೊಡಗಿದರು. ಆದರೂ ಬಟ್ಟೆ ತೇವ. ಈ ಸಲ ಬಿಚ್ಚುವ ಮೊದಲು ಸುಮ್ಮನೆ ಮೂಲೆಯಲ್ಲಿ ನಿಂತು ನೋಡಿದೆ. ಲಾಂಡ್ರಿಯವರ ತಾಯಿ ಮೆಷಿನ್ನಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಘಳಿಗೆಗೊಮ್ಮೆ ಬಾಗಿಲು ತೆಗೆದು, ಮುಟ್ಟಿ ನೋಡಿ, ಒಣಗಿದ ಟವಲು ಆಚೆಗೆಳೆದು, ಆ ಜಾಗಕ್ಕೆ ಒಂದು ಒದ್ದೆ ಸೀರೆ ಎಸೆಯುತ್ತಿದ್ದರು. ಬಿಸಿಯೆಲ್ಲ ಆಚೆಗೆ, ಹಸಿಯೆಲ್ಲ ಒಳಗೆ.

"ಅಜ್ಜಿ, ಒಟ್ಟಿಗೆ ಹಾಕಿ ಒಟ್ಟಿಗೆ ತೆಗೀಬೇಕು. ನಡುವೆ ಬಾಗಿಲು ಮುಟ್ಟಬಾರದು" ಅಂದೆ.

ಅಜ್ಜಿ ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದರು. "ನಿಮ್ಮನೇಲಿ ದೋಸೆ ಉಯ್ಯಲ್ವಾ ಮಗಾ? ಒಂದ್ ಇಳಿದ್ರೆ ಇನ್ನೊಂದ್ ಉಯ್ಯಬೇಕು. ಕಾದ ಎಂಚ ಯಾರಾದ್ರೂ ಖಾಲಿ ಬುಡ್ತಾರಾ?"

ಮಣೆಯ ಮೇಲೆ ಕೂತ ಅಜ್ಜಿಯ ಕೈಗೆ ಎಟುಕದ ಎತ್ತರದಲ್ಲಿ ಮೆಷಿನ್ನಿನ ಬಾಗಿಲಿಗೆ ಚಿಲಕ ಹಾಕಿ ಬಂದೆ. ಮಾರನೇ ದಿನ ಹೋಗಿ ನೋಡಿದರೆ ಅಜ್ಜಿ ಮಣೆ ಬಿಟ್ಟು ಸ್ಟೂಲಿನ ಮೇಲೆ ಕೂತಿದ್ದರು.

ಬೀಗರು ಏಳಲಿಲ್ಲ

ಮದುವೆ ದಿನ ಬಂತು. ಗೋಧೂಳಿ ಮುಹೂರ್ತ. ಬೆಳಿಗ್ಗೆಯೇ ದಿಬ್ಬಣ ತೆರೆದ ಲಾರಿಯಲ್ಲಿ ಬಂದಿಳಿಯಿತು, ದಾರಿಯುದ್ದಕ್ಕೂ ಜಡಿಮಳೆ! ಗಂಡಿನ ತಂದೆಯಿಂದ ಹಿಡಿದು ಟ್ರಂಕಿನೊಳಗಿನ ಪಂಚೆಯ ತನಕ ಎಲ್ಲ ತೊಪ್ಪೆ. ಗಂಡಿನ ತಂದೆ ಟವಲು ಸುತ್ತಿ, ಕಂಬಳಿ ಹೊದ್ದು, ಒದ್ದೆ ಗಂಟನ್ನು ಮುಂದಿಟ್ಟು ನಕ್ಕರು: "ಎಲ್ರಿ ಬೀಗ್ರೇ, ನಿಮ್ ಮೆಷಿನ್ನು?"

ನಾನೇ ನಿಂತು ಹಿಂಡಿಸಿದೆ. ಅಜ್ಜಿಯನ್ನು ಅಡುಗೆಮನೆಗೆ ಕಳಿಸಿದೆ. ಚಿಲಕ ಹಾಕಿ ಸ್ವಿಚ್ಚು ಒತ್ತಿದೆ. ಮಧ್ಯಾಹ್ನ ತೆಗೆದು ನೋಡಿದರೆ ಬಟ್ಟೆ ಬಿಸಿಬಿಸಿ, ತೇವ ತೇವ! "ಮೇಸ್ತ್ರಿ, ನನ್ ಮಾನ ನಿಮ್ ಕೈಲದೆ" ಎಂದು ಲಾಂಡ್ರಿಯವರು ನನ್ನ ತೋಳು ಹಿಡಿದರು. ಬಾಗಿಲ ಸಂದಿಯಲ್ಲಿ ಮದುಮಗಳ ಗಾಬರಿ ಮುಖ. ನಾನು ತಿರುಪು ಬಿಚ್ಚುತ್ತಾ ಕೊಳವೆ ಮುಟ್ಟಿದೆ. ಗಾಳಿ ಆಚೆಗೆ ಹೋಗುತ್ತಲೇ ಇಲ್ಲ! ಹಿತ್ತಿಲಿಗೆ ಓಡಿದೆ.

ಅಲ್ಲಿ ಸೂರಿನ ಕೆಳಗೆ, ಕೊಳವೆಯ ಬಾಯಿಗೇ ಬೆನ್ನು ಕೊಟ್ಟು, ಕಂಬಳಿಯನ್ನು ಅದರ ಸುತ್ತ ಬಿಗಿಯಾಗಿ ಎಳೆದುಕೊಂಡು ಗಂಡಿನ ತಂದೆ ಕಣ್ಣು ಮುಚ್ಚಿ ಕೂತಿದ್ದರು. ಅಕ್ಕಪಕ್ಕದಲ್ಲಿ ಹೊನ್ನೂರಿನ ನೆಂಟರೆಲ್ಲ ಒತ್ತಿಕೊಂಡು ಚಳಿ ಕಾಯಿಸುತ್ತಿದ್ದರು.

"ಅವರನ್ನ ಎಬ್ಬಿಸಿ!" ಅಂದೆ. ಹಿಂದೆಯೇ ಬಂದಿದ್ದ ಲಾಂಡ್ರಿಯವರು ನನ್ನ ಬಾಯಿ ಮುಚ್ಚಿದರು. "ಬೀಗ್ರನ್ನ ಕುಂತ ಜಾಗ್ದಿಂದ ಏಳಿ ಅನ್ನೋದಾ? ಮದ್ವೇನೇ ಮುರಿದೋಯ್ತದೆ!"

ಊಟಕ್ಕೆ ಎಲೆ ಹಾಕಿದೆ ಎಂದು ಕರೆಸಿದೆವು. ನೆಂಟರೆಲ್ಲ ಎದ್ದರು, ಇವರು ಏಳಲಿಲ್ಲ. "ಟವಲ್ಲಲ್ಲಿ ಪಂಕ್ತಿಗೆ ಬರಾಕಾದದ? ನನ್ ಪಂಚೆ ಕೊಡಿ, ಏಳ್ತೀನಿ."

"ಬೇರೆ ಪಂಚೆ ತರ್ತೀನಿ ಬೀಗ್ರೇ" ಅಂದರು ಲಾಂಡ್ರಿಯವರು.

"ಇನ್ನೊಬ್ಬರ ಪಂಚೆ ಉಟ್ಕಂಡು ಮಗನ ಧಾರೆಗೆ ನಿಂತ್ಕಳ್ಳೋದಾ? ಒಣಗ್ಲಿ, ಕಾಯ್ತೀನಿ ಬುಡಿ!"

ಪಂಚೆ ಒಣಗುವ ತನಕ ಅವರು ಏಳುವುದಿಲ್ಲ, ಅವರು ಏಳುವ ತನಕ ಪಂಚೆ ಒಣಗುವುದಿಲ್ಲ! ಹೊತ್ತು ಇಳಿಯುತ್ತಿದೆ, ಓಲಗದವರು ಬಂದು ಕೂತಿದ್ದಾರೆ. ನಾನು ಒಳಗೋಡಿ ಸ್ವಿಚ್ಚು ಆರಿಸಿಬಿಟ್ಟೆ.

ಬಿಸಿಗಾಳಿ ನಿಂತದ್ದೇ ತಡ, ಗಂಡಿನ ತಂದೆ ಕಂಬಳಿ ಎಳೆದುಕೊಂಡು ಓಡಿ ಬಂದರು. "ಮೇಸ್ತ್ರಿ! ನಿಮ್ ಮೆಷಿನ್ನು ಕೆಟ್ಟೋಯ್ತು ಕಣ್ರೀ, ಗಾಳೀನೇ ಬತ್ತಾ ಇಲ್ಲ!"

"ಹೌದು ಸ್ವಾಮಿ, ದೊಡ್ಡ ರಿಪೇರಿ. ಈ ಗುಂಡಿ ಒತ್ತಿ ಹಿಡ್ಕೊಳ್ಳಿ. ಕೈ ತೆಗೆದ್ರೆ ನಿಂತುಹೋಗುತ್ತೆ" ಎಂದು, ಯಾವ ತಂತಿಯ ಸಂಬಂಧವೂ ಇಲ್ಲದ ಒಂದು ಹಳೇ ಗುಂಡಿ ತೋರಿಸಿದೆ. ಅವರು ಉಸಿರು ಬಿಗಿಹಿಡಿದು ಒತ್ತಿದರು. ನಾನು ಹಿಂದಿನಿಂದ ಸ್ವಿಚ್ಚು ಹಾಕಿದೆ. ಪಂಚೆಗಳು ಹಪ್ಪಳದಂತೆ ಒಣಗಿ ಹೊರಬರುವ ತನಕ ಆ ಪುಣ್ಯಾತ್ಮ ಬೆರಳು ಕದಲಿಸಲಿಲ್ಲ. ಧಾರೆ ಸರಿಯಾದ ಹೊತ್ತಿಗೆ ನಡೆಯಿತು. ಮದುಮಗಳು ನಕ್ಕಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು.

"ನಾನ್ ಒತ್ತಿ ಇಡೀದಿದ್ರೆ ಆಗ್ತಿತ್ತಾ?" ಎಂದು ಗಂಡಿನ ತಂದೆ ಪಂಕ್ತಿಯುದ್ದಕ್ಕೂ ಹೇಳಿಕೊಂಡು ಬಂದರು. ಹೊರಡುವಾಗ ನನ್ನನ್ನು ಲಾರಿಯ ಮರೆಗೆ ಕರೆದು, ದನಿ ತಗ್ಗಿಸಿ ಕೇಳಿದರು:

"ಮೇಸ್ತ್ರಿ, ನಮ್ಮನೆಗೂ ಒಂದ್ ಬೇಕು ಕಣ್ರೀ. ಆದ್ರೆ ಬಟ್ಟೆ ಆಕೋ ಮುಂದ್ಲ ಭಾಗ ಬ್ಯಾಡ. ಇಂದ್ಲ ಭಾಗ ಒಂದೇ ಸಿಕ್ತದಾ?"