ಭಾವನ ಕಣ್ಣಿಗೆ ಬಿದ್ದ ಊರುಗಳು

ನನ್ನ ಭಾವ ಪ್ಯಾರಿಸ್ಸಿಗೆ ಹೋಗಿ ಐಫೆಲ್ ಗೋಪುರ ನೋಡದೆ ಬಂದವರು! ಗೋಪುರದ ಬುಡದಲ್ಲೇ ಅರ್ಧ ದಿನ ಕಳೆದಿದ್ದರು, ಆ ಮಾತು ಬೇರೆ. ಆದರೆ ಅಲ್ಲಿ ಯಾವನೋ ಪುಣ್ಯಾತ್ಮ ತನ್ನ ತಾತನ ಕಾಲದ ಕಾರು ನಿಲ್ಲಿಸಿ ಕಾಫಿ ಕುಡಿಯಲು ಹೋಗಿದ್ದ. ಭಾವ ಅದಕ್ಕೆ ಪ್ರದಕ್ಷಿಣೆ ಹಾಕಿದರು, ಬಗ್ಗಿ ಅದರ ಹೊಟ್ಟೆ ನೋಡಿದರು. ಮಾಲೀಕ ಬಂದ ಮೇಲೆ ಅವನಿಗೆ ಬಾರದ ಇಂಗ್ಲಿಷಿನಲ್ಲಿ ಇವರು, ಇವರಿಗೆ ಬಾರದ ಫ್ರೆಂಚಿನಲ್ಲಿ ಅವನು, ಇಬ್ಬರೂ ಕಾರ್ಬ್ಯುರೇಟರ್ ಬಗ್ಗೆ ಮನಸಾರೆ ಹರಟಿದರು. ಮನೆಗೆ ಬಂದು ತೋರಿಸಿದ ಫೋಟೋದಲ್ಲಿ ಕಾರು ಪೂರ್ತಿ ಇತ್ತು, ಅದರ ಹಿಂದೆ ಒಂದಿಷ್ಟು ಕಬ್ಬಿಣ.

"ಇದೇನು ಭಾವ, ಕರೆಂಟ್ ಕಂಬಾನಾ?" ಎಂದೆ.

"ಅದೇ ಕಣೋ ಟವರು. ಅಡ್ಡ ಬಂದ್ಬಿಟ್ಟಿದೆ," ಎಂದರು.

ಇಂಥವರಿಗೆ ಕಣ್ಣಿನ ತೊಂದರೆ ಬಂದರೆ ಹೇಗಾಗಬೇಡ? ಭಾವ ರಿಟೈರ್ ಆದ ಎಂಜಿನಿಯರ್. ಅಕ್ಕನೂ ಅವರೂ ಅಮೆರಿಕದ ಟೆಕ್ಸಾಸಿನ ಕಾಪೆಲ್‌ನಲ್ಲಿದ್ದಾರೆ, ನಾನು ಹತ್ತಿರದ ಊರು ಫ್ರಿಸ್ಕೋದಲ್ಲಿ. ಈಚೆಗೆ ಅವರಿಗೆ ಎದುರಿಗಿರುವುದರ ನಟ್ಟನಡುವೆಯೇ ಮಸುಕು ಕಾಣತೊಡಗಿತ್ತು. ಊರಿನ ಕಣ್ಣು ಡಾಕ್ಟರು ಪರೀಕ್ಷೆ ಮಾಡಿ, ಹೂಸ್ಟನ್ನಿನ ದೊಡ್ಡ ಡಾಕ್ಟರನ್ನು ನೋಡಿ, ಅವರು ಹೇಳುವ ತನಕ ಡ್ರೈವಿಂಗ್ ಬೇಡ ಎಂದುಬಿಟ್ಟರು. ಭಾವ ಮುಂದೆ ಕಾರು ಓಡಿಸಬಹುದೋ ಇಲ್ಲವೋ ಎಂಬುದು ಹೂಸ್ಟನ್ನಿನಲ್ಲಿ ತೀರ್ಮಾನವಾಗಬೇಕಿತ್ತು. ನಮ್ಮ ಕಡೆ ಕೊತ್ತಂಬರಿ ಸೊಪ್ಪು ತರಲೂ ಕಾರು ಬೇಕು. ಅಕ್ಕ ಡ್ರೈವಿಂಗ್ ಕಲಿತಿಲ್ಲ. ಒಮ್ಮೆ ಭಾವನೇ ಕಲಿಸಲು ಹೊರಟು, ಮನೆಯ ಮುಂದಿನ ರಸ್ತೆ ದಾಟುವಷ್ಟರಲ್ಲಿ ಅಕ್ಕ ಕಾರಿನಿಂದ ಇಳಿದು ನಡೆದೇ ವಾಪಸು ಬಂದಿದ್ದಳು.

ಹಾಗಾಗಿ ಚಾಲಕನ ಪಟ್ಟ ನನಗೆ ಬಂತು. ಭಾವ ಒಪ್ಪಿದರು, ಆದರೆ ಎರಡು ಷರತ್ತು. ಹೋಗಬೇಕಾದದ್ದು ಅವರ ಹಳೇ ಜರ್ಮನ್ ಕಾರಿನಲ್ಲಿ. ಮತ್ತು ನೇರ ಹೂಸ್ಟನ್ನಿಗಲ್ಲ, ಆಸ್ಟಿನ್ ಸುತ್ತಿಕೊಂಡು, ಅಲ್ಲೊಂದು ರಾತ್ರಿ ತಂಗಿ.

"ಆಸ್ಟಿನ್ ಯಾಕೆ ಭಾವ?"

"ಸೈಟ್‌ಸೀಯಿಂಗ್! ನಾಳೆ ಆ ಡಾಕ್ಟರ್ ಏನಂತಾರೋ. ಇವತ್ತೇ ನೋಡ್ಬಿಡೋಣ."

ಅವರು ನಗುತ್ತಲೇ ಹೇಳಿದರು. ನಾನು ಮತ್ತೆ ವಾದಿಸದೆ ಕಾರಿನ ಕೀಲಿ ಈಸಿಕೊಂಡೆ.

ಜರ್ಮನ್ ಕಾರು ಗೇರು ಹಾಕುವಂಥದ್ದು. ನಾನು ಕ್ಲಚ್ಚಿನ ಮೇಲೆ ಕಾಲಿಟ್ಟದ್ದು ಬೆಂಗಳೂರಿನ ಜಯನಗರದಲ್ಲಿ ಕಲಿಯುವಾಗ. ಆಮೇಲೆ ಕ್ಲಚ್ಚೇ ಇಲ್ಲದ ಕಾರುಗಳ ಈ ದೇಶಕ್ಕೆ ಬಂದು ನನ್ನ ಎಡಗಾಲು ವಿಶ್ರಾಂತ ಜೀವನ ನಡೆಸುತ್ತಿತ್ತು. ಮೊದಲ ಸಿಗ್ನಲ್ಲಿನಲ್ಲೇ ಕಾರು ಕೆಮ್ಮಿ ನಿಂತಿತು. ಹಿಂದಿದ್ದ ಟ್ರಕ್ಕಿನವನು ಹಾರ್ನ್ ಹೊಡೆದ. ಯಾರೂ ಸುಮ್ಮಸುಮ್ಮನೆ ಹಾರ್ನ್ ಮುಟ್ಟದ ಟೆಕ್ಸಾಸಿನಲ್ಲಿ ಹಾರ್ನ್ ಹೊಡೆಸಿಕೊಳ್ಳುವುದೆಂದರೆ ಸಣ್ಣ ಅವಮಾನವೇ?

"ಪಾಪ, ಅದಕ್ಕೆ ನೋವಾಯ್ತು ಕಣೋ!" ಎಂದರು ಭಾವ.

"ಯಾರಿಗೆ ಭಾವ?"

"ಗೇರ್‌ಬಾಕ್ಸಿಗೆ!"

ಮುಂದಿನ ದಾರಿಯುದ್ದಕ್ಕೂ ಕಾರು ಓಡಿಸಿದ್ದು ನಾನಾದರೂ ಅದನ್ನು ನಡೆಸಿದ್ದು ಅವರ ಬಾಯಿ. "ಥರ್ಡ್... ಥರ್ಡ್ ಹಾಕೋ... ಈಗ ಬಿಡು... ಏಯ್, ಮೆಲ್ಲಗೆ!" ಅವರ ಕಾಲಡಿ ಬ್ರೇಕಿಲ್ಲ. ಇಲ್ಲದ ಬ್ರೇಕನ್ನು ಅವರು ಒತ್ತಿದ ರಭಸಕ್ಕೆ ಕಾರಿನ ತಳವೇ ಕಿತ್ತು ಬರುತ್ತದೇನೋ ಎಂದು ನಾನು ಹೆದರಿದೆ. ಹಿಂದೆ ಕೂತಿದ್ದ ಅಕ್ಕ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಅವಳ ಪಕ್ಕದಲ್ಲಿ, ಸೀಟ್ ಬೆಲ್ಟ್ ಬಿಗಿದುಕೊಂಡು, ಒಂದು ಬೂದುಗುಂಬಳಕಾಯಿ.

ಆ ಕಾಯಿಯ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಆಸ್ಟಿನ್. ಅಲ್ಲಿ ನಸುಗೆಂಪು ಕಲ್ಲಿನಲ್ಲಿ ಕಟ್ಟಿದ ರಾಜ್ಯ ಶಾಸನಸಭೆಯ ಭವನವಿದೆ. ಎಲ್ಲರೂ ಕತ್ತೆತ್ತಿ ಅದರ ಗುಮ್ಮಟ ನೋಡುತ್ತಾರೆ. ಭಾವ ಗುಮ್ಮಟಕ್ಕೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡತೊಡಗಿದರು.

"ರೀ, ಸ್ವಲ್ಪ ಈ ಕಡೆನೂ ತಿರುಗ್ರೀ," ಎಂದಳು ಅಕ್ಕ.

"ಕಟ್ಟಡ ಎಲ್ಲೋಗತ್ತೆ? ಕಾರು ಹೋಗ್ಬಿಡುತ್ತಲ್ಲ!"

ಹಿಂದಿನ ದೀಪ ನೋಡಿ ಕಾರಿನ ಜಾತಕ ಹೇಳುವವರು ಅವರು. ಯಾವ ಕಂಪನಿ, ಯಾವ ವರ್ಷದ್ದು, ಯಾವ ವರ್ಷ ಅದರ ಎಂಜಿನ್ ಕೆಡಿಸಿದರು, ಎಲ್ಲವೂ ಬಾಯಿಪಾಠ. ಅಷ್ಟರಲ್ಲಿ ಒಂದು ಪಿಕಪ್ ಟ್ರಕ್ಕು ಬಂದು ನಮ್ಮೆದುರೇ ಸಿಗ್ನಲ್ಲಿಗೆ ನಿಂತಿತು. "ಅಪ್ಪಟ ಅಮೆರಿಕನ್ ಗಾಡಿ. ನಿಂತಿರೋ ಗತ್ತು ನೋಡೋ!" ಎಂದರು. ಅದರ ಹಿಂಬಾಗಿಲ ಮೇಲೆ ಮೊಣಕೈಯುದ್ದದ ಅಕ್ಷರಗಳಲ್ಲಿ ಜಪಾನಿನ ಕಂಪನಿಯ ಹೆಸರಿತ್ತು. ಕಾರೆಂದರೆ ನಾಲ್ಕು ಚಕ್ರ ಎಂದಷ್ಟೇ ತಿಳಿದಿರುವ ಅಕ್ಕನೂ ಅದನ್ನು ಓದಿದಳು. ಓದಿ, ನನ್ನ ಮುಖ ನೋಡಿದಳು.

"ಹೌದು ಭಾವ, ಒಳ್ಳೇ ಗತ್ತು," ಎಂದೆ. ಈ ಮನುಷ್ಯನಿಗೆ ನಾಳೆ ಡಾಕ್ಟರು ಏನು ಹೇಳುತ್ತಾರೆಂದು ಆ ಕ್ಷಣವೇ ನಮ್ಮಿಬ್ಬರಿಗೂ ಗೊತ್ತಾಗಿಹೋಯಿತು. ಗೊತ್ತಾದರೂ ಒಪ್ಪಲು ಮನಸ್ಸು ಬೇಕಲ್ಲ!

ಈಗ ಕುಂಬಳಕಾಯಿ. ಮರುದಿನ ಬೆಳಿಗ್ಗೆ ಹೊರಡುವ ಮೊದಲು ಭಾವ ಅದನ್ನು ಹೋಟೆಲಿನ ಪಾರ್ಕಿಂಗ್‌ಗೆ ತಂದರು.

"ಮಧ್ಯಾಹ್ನ ಅಷ್ಟು ದೊಡ್ಡ ಪರೀಕ್ಷೆ ಇದೆ. ಕಾರಿಗೊಂದು ಪೂಜೆ ಬೇಡ್ವೇನೋ?"

"ಪರೀಕ್ಷೆ ನಿಮಗೆ ಭಾವ, ಕಾರಿಗಲ್ಲ."

"ಎರಡೂ ಒಂದೇ ಕಣೋ," ಎಂದವರೇ ಕಾಯಿಗೆ ತೂತು ಕೊರೆದು, ಅಕ್ಕನ ಡಬ್ಬಿಯ ಕುಂಕುಮವನ್ನೆಲ್ಲ ಸುರಿದು, ನೀರು ಬೆರೆಸಿ, ಕಾರಿಗೆ ನಿವಾಳಿಸಿ ದೊಪ್ಪನೆ ನೆಲಕ್ಕೆ ಅಪ್ಪಳಿಸಿದರು. ಆಯುಧಪೂಜೆಯ ದಿನ ಮೈಸೂರಿನ ಯಾವ ಬೀದಿಯಲ್ಲಿ ಮಾಡಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸು ಓಡುವ ವ್ಯಾಯಾಮ ಮಾಡುತ್ತ ಬಂದಳು. ಅವಳಿಗೆ ಕಂಡದ್ದು ಇಷ್ಟು: ಕೈಯೆಲ್ಲ ಕೆಂಪಾದ ಒಬ್ಬ ಮುದುಕ, ಕಾರಿನಡಿಯಿಂದ ಹರಿದು ಬರುತ್ತಿರುವ ಕೆಂಪು, ಪಕ್ಕದಲ್ಲಿ ಕೈಮುಗಿದು ನಿಂತ ಇಬ್ಬರು. ಕಿಟಾರನೆ ಕಿರುಚಿ, ಬಂದ ದಾರಿಯಲ್ಲೇ ಓಡಿದಳು!

ಪೊಲೀಸ್ ಕಾರು ಬಂದೇ ಬಂತು. ನಮ್ಮನ್ನು ಸ್ಟೇಷನ್ನಿಗೆ ಕರೆದೊಯ್ದರೆ? ಎಷ್ಟೋ ದಿನ ಕಾದು ಸಿಕ್ಕ ಅಪಾಯಿಂಟ್‌ಮೆಂಟ್ ತಪ್ಪಿದರೆ? ನಾನು "ವೆಜಿಟೆಬಲ್, ಸರ್, ಓನ್ಲಿ ವೆಜಿಟೆಬಲ್" ಎಂದು ತೊದಲಿದೆ. ಅಕ್ಕ ಒಡೆದ ಹೋಳೊಂದನ್ನು ಎತ್ತಿ ಪೊಲೀಸಿನ ಮೂಗಿಗೇ ಹಿಡಿದಳು. ಅವನು ಮೂಸಿದ, ಬೀಜ ನೋಡಿದ, ನಿಟ್ಟುಸಿರುಬಿಟ್ಟ. ಅಷ್ಟು ಹೊತ್ತೂ ಭಾವ ಎಲ್ಲಿದ್ದರು ಅಂತೀರಿ? ಪೊಲೀಸ್ ಕಾರಿನ ಬಾನೆಟ್ಟಿಗೆ ಕಿವಿಯಿಟ್ಟು ನಿಂತಿದ್ದರು!

"ಆಫೀಸರ್, ನಿಮ್ಮ ಬೆಲ್ಟ್ ಸಡಿಲ ಆಗಿದೆ," ಎಂದರು. ಪಾಪ, ಆತ ತನ್ನ ಸೊಂಟ ಮುಟ್ಟಿ ನೋಡಿಕೊಂಡ. ಆಮೇಲೆ ಬಾನೆಟ್ ಎತ್ತಿ ನೋಡಿದರೆ ಫ್ಯಾನ್ ಬೆಲ್ಟ್ ನಿಜಕ್ಕೂ ಸಡಿಲವಾಗಿತ್ತು. ನಾವು ಹೋಟೆಲಿನಿಂದ ಬಕೆಟ್ ಬೇಡಿ ತಂದು ನೆಲ ತೊಳೆದದ್ದಾಯಿತು. ಹೊರಡುವಾಗ ಆ ಪೊಲೀಸು ತನ್ನ ಗಾಡಿಗೂ ಇಂಥದೊಂದು ಪೂಜೆ ಆಗಬಹುದೇ ಎಂದು ಕೇಳಿದ. ಅಕ್ಕ ಪೂಜೆಗೆಂದು ತಂದಿದ್ದ ನಿಂಬೆಹಣ್ಣೊಂದನ್ನು ಅವನಿಗೆ ಕೊಟ್ಟು, ಚಕ್ರದ ಕೆಳಗಿಟ್ಟು ಮುಂದೆ ಓಡಿಸಬೇಕೆಂದು ಹೇಳಿಕೊಟ್ಟಳು.

ಹೂಸ್ಟನ್ ಹತ್ತಿರವಾದಂತೆ ರಸ್ತೆ ಅಗಲವಾಗುತ್ತ ಹೋಯಿತು, ಭಾವನ ಮಾತು ಕಡಿಮೆಯಾಗುತ್ತ ಹೋಯಿತು. ಅಕ್ಕಪಕ್ಕದಲ್ಲಿ ಎಂತೆಂಥ ಕಾರುಗಳೋ ಹಾದುಹೋದವು. ಒಂದರ ಹೆಸರನ್ನೂ ಅವರು ಹೇಳಲಿಲ್ಲ. ಬೈಸಿಕೊಳ್ಳದೆ ಕಾರು ಓಡಿಸುವುದು ಇಷ್ಟು ಭಯದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಬೇಕೆಂದೇ ತಪ್ಪು ಗೇರು ಹಾಕಿದೆ. ಇಲ್ಲದ ಬ್ರೇಕಿನ ಮೇಲೂ ಅವರ ಕಾಲು ಬೀಳಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು, ಅವಸರವಿಲ್ಲದವರು. ಕಣ್ಣಿಗೆ ಔಷಧಿ ಬಿಟ್ಟು, ಬೆಳಕು ಹಾಯಿಸಿ, ಯಂತ್ರದ ಮುಂದೆ ಕೂರಿಸಿ ಎಲ್ಲ ನೋಡಿದರು. ಕೊನೆಗೆ ಭಾವನ ಎದುರು ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ನೋಟದ ನಡುಭಾಗ ಹಾಳಾಗಿದೆ, ಹೋದದ್ದು ವಾಪಸು ಬರುವುದಿಲ್ಲ. ಉಳಿದದ್ದನ್ನು ಕಾಪಾಡಲು ಚಿಕಿತ್ಸೆ ಕೊಡೋಣ. ಕಾರು ಮಾತ್ರ ಇನ್ನು ಓಡಿಸುವ ಹಾಗಿಲ್ಲ.

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಇನ್ನೇನು ಭಾವ ವಾದಕ್ಕೆ ಇಳಿಯುತ್ತಾರೆ, ಹಗಲು ಮಾತ್ರ ಓಡಿಸುತ್ತೇನೆ, ಇಂಡಿಯನ್ ಅಂಗಡಿಯ ತನಕ ಮಾತ್ರ ಎಂದು ಚೌಕಾಸಿ ಮಾಡುತ್ತಾರೆ ಎಂದು ನಾವು ಕಾದೆವು. ಭಾವ ಕಾರಿನ ಮಾತೇ ಎತ್ತಲಿಲ್ಲ.

"ಡಾಕ್ಟರ್, ನನ್ನ ಹೆಂಡತಿ ಮುಖ ಈಗ ಸರಿಯಾಗಿ ಕಾಣ್ತಾ ಇಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಇವಳಿಗೆ ಹೇಳಿಲ್ಲ. ಅದಾದ್ರೂ ಉಳಿಯುತ್ತಾ?"

ಅಕ್ಕನ ಕೈ ನನ್ನ ತೋಳಿನ ಮೇಲೆ ಹಾಗೇ ನಿಂತಿತು.

"ಹತ್ತಿರ ಬಂದರೆ ಕಾಣುತ್ತೆ," ಎಂದರು ಡಾಕ್ಟರು. "ಅಷ್ಟನ್ನು ಉಳಿಸೋ ಪ್ರಯತ್ನ ಮಾಡೋಣ."

"ಎಷ್ಟು ಹತ್ತಿರ?"

ಡಾಕ್ಟರು ಕೈಯಳತೆಯಲ್ಲಿ ತೋರಿಸಿದರು. ಭಾವ ಕುರ್ಚಿಯಲ್ಲೇ ತಿರುಗಿ, ಕೈಚಾಚಿ ತಡಕಿ ಅಕ್ಕನ ಸೆರಗು ಹಿಡಿದು ಎಳೆದುಕೊಂಡರು. ಅವಳ ಮುಖದ ಹತ್ತಿರಕ್ಕೆ ತಮ್ಮ ಮುಖ ತಂದು, ಬಹಳ ಹೊತ್ತು ನೋಡಿದರು.

"ದಿನಾ ಇಷ್ಟು ಹತ್ತಿರ ಬರ್ಬೇಕಂತೆ ಕಣೇ. ಪರವಾಗಿಲ್ವಾ?"

"ಬರ್ತೀನಿ ರೀ," ಎಂದಳು ಅಕ್ಕ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಕದಲ್ಬೇಡಿ, ಸರಿಯಾಗಿ ನೋಡ್ಕೊಳ್ಳಿ."

ಡಾಕ್ಟರು ಮೆಲ್ಲಗೆ ಎದ್ದು ಹೊರಗೆ ಹೋದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರಪಟವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.