ನಮ್ಮ ಹಳ್ಳ ನೋಡಲು ಬಂದವರು

ಬೈದರೆ ನಾನು ತಡೆದುಕೊಳ್ಳುತ್ತೇನೆ. ಮದುವೆಯಾದ ಮೇಲೆ ಅಭ್ಯಾಸವಾಗಿದೆ. ಹೊಗಳಿದರೆ ಮಾತ್ರ ಬುದ್ಧಿ ಕೈಕೊಡುತ್ತದೆ.

ನಮ್ಮ ಕೊಟ್ಟಿಗೆ ತೊಳೆದ ನೀರು ಅಜ್ಜನ ಕಾಲದಿಂದಲೂ ನೆಟ್ಟಗೆ ಹಿಂದಿನ ಹಳ್ಳಕ್ಕೆ ಇಳಿಯುತ್ತದೆ. ಕೆಳಗಿನ ಮನೆಯ ಶಾರದಕ್ಕ ಅದೇ ಹಳ್ಳದಲ್ಲಿ ಬಟ್ಟೆ ಒಗೆಯುವವರು. ನಮ್ಮ ಎಮ್ಮೆಗೆ ಹೊಟ್ಟೆ ಕೆಟ್ಟರೆ ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಹೀಗಿರುವಾಗ, ಹಳ್ಳದ ನೀರು ಚೊಕ್ಕಟ ಮಾಡುವ ಜಮೀನಿನವರಿಗೆ ಸರ್ಕಾರದವರು ಅನುದಾನ ಕೊಡ್ತಾರಂತೆ ಅನ್ನುವ ಸುದ್ದಿ ಹೊಸನಗರದ ಸಂತೆಯಲ್ಲಿ ಸಿಕ್ಕಿತು. ಕೊಟ್ಟಿಗೆಯ ಸಗಣಿ ಬಗ್ಗಡ ನಿಲ್ಲಲು ಸಿಮೆಂಟಿನ ಗುಂಡಿ, ಅದನ್ನು ತೋಟಕ್ಕೆ ಎತ್ತಲು ಪಂಪು, ದನ ಹಳ್ಳಕ್ಕಿಳಿಯದಂತೆ ಬೇಲಿ, ಎಲ್ಲಕ್ಕೂ ಅವರದೇ ದುಡ್ಡು! ಅರ್ಜಿ ಹಾಕಿದೆ. ಹಳ್ಳ ಎಷ್ಟು ಕೆಟ್ಟಿದೆ ಎಂದು ನೋಡಲು ಸೋಮವಾರ ಸಾಗರದಿಂದ ಸಾಹೇಬರು ಬರುತ್ತಾರೆಂದು ಫೋನ್ ಬಂತು. ಹೊಲಸಿನ ವಿಷಯದಲ್ಲಿ ನನಗೆ ಪೂರ್ತಿ ಭರವಸೆಯಿತ್ತು.

ತಪ್ಪಿದ್ದೆಲ್ಲಿ ಅಂದರೆ, ಹೆಂಡತಿ ಸುಮಿತ್ರಾಗೆ "ಸಾಹೇಬ್ರು ಹಳ್ಳ ನೋಡಕ್ಕೆ ಬರ್ತಾರೆ" ಎಂದಷ್ಟೇ ಹೇಳಿ ತೀರ್ಥಹಳ್ಳಿಗೆ ಮದುವೆಗೆ ಹೋದೆ. ಯಾರೇ ಬರಲಿ, ಗುಡಿಸಿ ಸಾರಿಸದೆ ಒಳಗೆ ಕರೆಯುವ ಹೆಂಗಸಲ್ಲ ಅವಳು. ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಅಯ್ಯೋ ದೇವರೇ! ಕೊಟ್ಟಿಗೆಯ ಮೋರಿಗೆ ಮಣ್ಣು ಮೆತ್ತಿ, ಬಗ್ಗಡವನ್ನೆಲ್ಲ ಬಕೆಟ್ಟಿನಲ್ಲಿ ಹೊತ್ತು ಬಾಳೆ ಬುಡಕ್ಕೆ ಹಾಕಿದ್ದಾಳೆ. ಶಾರದಕ್ಕನನ್ನೂ ಕರೆದುಕೊಂಡು ಹಳ್ಳದ ಕಸ ಬಾಚಿದ್ದಾಳೆ. ತಳದ ಕಲ್ಲು ಕಾಣುತ್ತಿದೆ. ಮೀನು ಬೇರೆ!

"ಏನೇ ಇದು!" ಎಂದೆ.

"ಮತ್ತೆ? ಬಂದೋರ ಎದುರಿಗೆ ನಮ್ಮ ಮರ್ಯಾದೆ ಏನಾಗ್ಬೇಕು?"

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಬಗ್ಗಿ ನೋಡಿ, "ಅಬ್ಬಾ! ಇಂಥ ಹಳ್ಳ ಈ ಕಡೆ ಎಲ್ಲೂ ನೋಡಿಲ್ಲ. ಹೇಗೆ ಇಟ್ಕೊಂಡಿದೀರಿ ಸಾರ್?" ಎಂದರು. ಇದೆಲ್ಲ ನಿನ್ನೆಯ ಕೆಲಸ ಎಂದುಬಿಟ್ಟಿದ್ದರೆ ಗುಂಡಿ, ಪಂಪು, ಬೇಲಿ ಎಲ್ಲ ನನ್ನದಾಗುತ್ತಿತ್ತು. ಹಾಳು ಬಾಯಿ! "ಅಜ್ಜನ ಕಾಲದಿಂದ್ಲೂ ಹೀಗೇ ಸಾರ್. ಹಳ್ಳ ಅಂದ್ರೆ ನಮಗೆ ದೇವರ ಕೋಣೆ ಇದ್ದಂಗೆ" ಎಂದೆ. ಹಳ್ಳದ ದಡದಲ್ಲೇ ನಿಂತಿದ್ದ ಶಾರದಕ್ಕನಿಗೆ ಕೆಮ್ಮು ಬಂತು.

"ಹಾಗಾದ್ರೆ ನಿಮಗೆ ಅನುದಾನ ಬೇಡ ಬಿಡಿ" ಎಂದು ಸಾಹೇಬರು ಖುಷಿಯಿಂದ ಕೈ ಕುಲುಕಿದರು. "ಬೇರೆ ಜಮೀನಿನವರನ್ನ ಇಲ್ಲಿಗೇ ಕರ್ಕೊಂಡು ಬಂದು ತೋರಿಸ್ತೀನಿ. ಯಾವತ್ತು ಅಂತ ಮುಂಚೆ ಹೇಳಲ್ಲ. ನಿಮ್ಮಂಥೋರಿಗೆ ಯಾಕೆ ಹೇಳ್ಬೇಕು?"

ಜೀಪು ತಿರುವು ದಾಟಿದ್ದೇ ತಡ, ಮೋರಿಯ ಮಣ್ಣು ಕೀಳಲು ಗುದ್ದಲಿಗೆ ಕೈಹಾಕಿದೆ. ಸುಮಿತ್ರಾ ಬಗ್ಗಡದ ಬಕೆಟ್ ತಂದು ಎದುರಿಗಿಟ್ಟಳು. "ಹೊಗಳಿಸ್ಕೊಂಡಿದ್ದು ನೀವಲ್ವಾ? ಹೊರಿ."

ಈಗ ದಿನಾ ಬೆಳಿಗ್ಗೆ ಹೊರುತ್ತಿದ್ದೇನೆ. ಬೆನ್ನು ಹಿಡಿದುಕೊಂಡು ನಿಂತರೆ ಸಾಕು, ಶಾರದಕ್ಕ ಕೆಳಗಿನಿಂದ ಕೂಗುತ್ತಾರೆ: "ಎಂಥಾ ನೀರು ಮಾರಾಯಾ! ನಿನ್ನಂಥೋನು ಊರಲ್ಲೇ ಇಲ್ಲ!" ನಾನು ಇನ್ನೊಂದು ಬಕೆಟ್ ಎತ್ತುತ್ತೇನೆ.